ಎಡಗಾಲಿನ ನೀಲಿ ಗೆರೆ

ಇಂಡಿಯಾಹೋಮಾ, ಓಕ್ಲಹೋಮಾ
೪ ಅಕ್ಟೋಬರ್ ೧೯೩೬

ಸಂಗ್ರಹಾಲಯದ ಸಾಹೇಬರಿಗೆ,

ಮೊನ್ನೆ ಕಂಡ ಕನಸನ್ನು ಮೊದಲು ಹೇಳಿಬಿಡುತ್ತೇನೆ. ಒಣಹುಲ್ಲಿನ ಬಯಲು, ನೆಲದ ತುಂಬ ಮುಳ್ಳುಬೀಜ. ನನ್ನವ್ವ ಬರಿಗಾಲಲ್ಲಿ ಹೋಗುತ್ತಿದ್ದಾಳೆ. "ಅವ್ವಾ, ನಿಂತ್ಕೋ" ಎಂದು ಕೂಗುತ್ತೇನೆ. ಅವಳು ನಿಂತು, ತಿರುಗದೆ, ಒಂದು ಪಾದ ಎತ್ತಿ ಅಂಗಾಲು ತೋರಿಸುತ್ತಾಳೆ. ಎಚ್ಚರವಾದಾಗ ಅವ್ವ ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದಳು. ಆದರೂ ಎದ್ದು ಅವಳ ಕಾಲು ಮುಟ್ಟಿ ನೋಡಿದೆ.

ನಾನು ಕೊಮಾಂಚೆ ಬುಡಕಟ್ಟಿನ ಹೆಂಗಸು. ಹೆಸರು ಎಫೀ ತೊಸಾವಿ. ಸರಕಾರದ ಬೋರ್ಡಿಂಗ್ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಇದ್ದೆ, ಅದೂ ತುಂಡು ತುಂಡಾಗಿ. ಕಣ್ಣುಬೇನೆ ಬಂತೆಂದು ಮನೆಗೆ ಕಳಿಸುವರು, ಮತ್ತೆ ಕರೆಸುವರು. ಬರೆದದ್ದರಲ್ಲಿ ತಪ್ಪಿದ್ದರೆ ಸಿಟ್ಟಾಗಬೇಡಿ. ಈ ಕಾಗದ ಸರಿಯಾದ ಮೇಜಿಗೆ ಬರುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ.

ನಿಮ್ಮಲ್ಲಿ ನಮ್ಮ ಮನೆಯ ಒಂದು ತೊಗಲಿನ ಜೋಡು ಇದೆ. ಹಳದಿ ಬಳಿದ ಜಿಂಕೆಚರ್ಮ, ಹಿಮ್ಮಡಿಯಲ್ಲಿ ಉದ್ದನೆಯ ಕುಚ್ಚು. ಮೇಲೆ ಕಣಕಾಲಿನಿಂದ ಬೆರಳಿನ ಕಡೆಗೆ ಮಣಿಯ ಒಂದು ನೀಲಿ ಗೆರೆ. ಗೆರೆಯ ಪಕ್ಕದಲ್ಲಿ ಕೆಂಪು ಚೌಕಗಳು. ನಡುವೆ ಒಂದು ಕಡೆ ಮಣಿಯೇ ಇಲ್ಲ, ಬರೀ ಚರ್ಮ. ಬೆರಳಿನ ಹತ್ತಿರ ಗೆರೆ ಒಂದು ಪಕ್ಕಕ್ಕೆ ಬಾಗುತ್ತದೆ. ಇಲ್ಲಿನ ಅಂಗಡಿಯವನಿಂದ ಅದನ್ನು ಕೊಂಡ ಬಿಳಿ ದೊರೆ ತನ್ನ ಸಾಮಾನನ್ನೆಲ್ಲ ನಿಮಗೆ ಕೊಟ್ಟನೆಂದು ಅಂಗಡಿಯವನ ಮಗ ಹೇಳಿದ.

ಅದನ್ನು ಹೊಲಿದವಳು ಅವ್ವನ ಅವ್ವ. ನಮ್ಮ ಅವ್ವ ಅದನ್ನೇ ಹಾಕಿಕೊಂಡು ಮಣ್ಣಿಗೆ ಹೋಗಬೇಕೆಂದು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದಳು. ಅದು ಮನೆಯಿಂದ ಹೋಯಿತು, ಹೇಗೆ ಹೋಯಿತೆಂಬುದು ಈಗ ಬೇಡ. ಅಂಥದೇ ಒಂದು ಜೋಡನ್ನು ನಾನು ಹೊಲಿಯುತ್ತೇನೆ. ದಯವಿಟ್ಟು ನೋಡಿ ತಿಳಿಸಿ: ಚೌಕ ಎಷ್ಟು? ಖಾಲಿ ಜಾಗ ಎಷ್ಟನೆಯ ಚೌಕದ ಬಳಿ? ಗೆರೆ ಎತ್ತ ಬಾಗುತ್ತದೆ? ಚಿಕ್ಕವಳಿದ್ದಾಗ ಎರಡು ಮೂರು ಸಲ ಕಂಡದ್ದು. ಬಣ್ಣ ನೆನಪಿದೆ, ಬಾಗು ನೆನಪಿಲ್ಲ.

ಬೇಗ ತಿಳಿಸಿ. ಅವ್ವನ ಕಾಲು ಊದಿಕೊಂಡಿದೆ.

ಎಫೀ ತೊಸಾವಿ


೨೯ ಅಕ್ಟೋಬರ್ ೧೯೩೬

ಮಾನ್ಯ ಶ್ರೀಮತಿ ತೊಸಾವಿಯವರಿಗೆ,

ತಮ್ಮ ಪತ್ರ ತಲುಪಿದೆ. ತಾವು ವರ್ಣಿಸಿದ ಬಗೆಯ ಪಾದರಕ್ಷೆಗಳು ನಮ್ಮಲ್ಲಿ ಏಳು ಜೊತೆ ಇವೆ. ದಾಖಲೆಯ ಸಂಖ್ಯೆ ಇಲ್ಲದೆ ಹುಡುಕುವುದು ಸಿಬ್ಬಂದಿಗೆ ಕಷ್ಟ.

ವಸ್ತುಗಳೆಲ್ಲವೂ ಕ್ರಮಬದ್ಧವಾಗಿ ಖರೀದಿಯಾದವು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಹಿಂದಿರುಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.

ಮಾಹಿತಿ ಕೋರುವವರು ಇದರೊಂದಿಗಿರುವ ನಮೂನೆಯನ್ನು ಭರ್ತಿ ಮಾಡತಕ್ಕದ್ದು. ತಯಾರಿಸಿದವರ ಹೆಸರು, ಕಾಲ, ವಿನ್ಯಾಸದ ಅರ್ಥ ಇವು ಕಡ್ಡಾಯ.

ಲೊವೆಲ್ ಪ್ರೆಂಟಿಸ್
ಸಹಾಯಕ ಪಾಲಕ, ಸಂಗ್ರಹಾಲಯ


೮ ನವೆಂಬರ್ ೧೯೩೬

ಪ್ರೆಂಟಿಸ್ ಸಾಹೇಬರಿಗೆ,

ವಾಪಸ್ ಕೇಳುತ್ತಿಲ್ಲ ಸಾಹೇಬರೇ, ಖಂಡಿತ ಇಲ್ಲ. ನಿಮ್ಮ ಕಾಗದ ಓದಿದ ಮೇಲೆ, ನಾನು ಕಳ್ಳತನದ ಮಾತಾಡಿದೆನೆಂದು ಪೊಲೀಸರು ಬರುತ್ತಾರೇನೋ ಎಂದು ಎರಡು ದಿನ ರಸ್ತೆ ನೋಡುತ್ತ ಕೂತಿದ್ದೆ. ಜೋಡು ಅಲ್ಲೇ ಇರಲಿ. ನೋಡಿ ಹೇಳಿದರೆ ಸಾಕು.

ನಮೂನೆ ತುಂಬಿದ್ದೇನೆ. ಹೆಸರಿನ ಜಾಗ ಮಾತ್ರ ಖಾಲಿ. ಸತ್ತವರ ಹೆಸರನ್ನು ನಾವು ಆಡುವುದಿಲ್ಲ. ಆಡಿದರೆ ಅವರು ನಡೆಯುತ್ತಿರುವ ದಾರಿಯಲ್ಲಿ ನಿಂತು ತಿರುಗಿ ನೋಡಬೇಕಾಗುತ್ತದೆ. ಅರ್ಥದ ಜಾಗದಲ್ಲಿ "ಮನೆಯದು" ಎಂದಷ್ಟೇ ಬರೆದಿದ್ದೇನೆ. ಆ ಗೆರೆಯ ಕಥೆ ನಮ್ಮ ಮನೆಯ ಹೆಂಗಸರದು, ಹೊರಗೆ ಹೇಳುವುದಲ್ಲ.

ಅವ್ವನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಎದೆಯಲ್ಲಿ ನೀರು ಎಂದರು. ಹುಲ್ಲು ಬರುವ ತನಕ ಇದ್ದರೆ ಹೆಚ್ಚು ಎಂದರು. ಅವಳ ಕಣ್ಣು ಹೋಗಿ ಹತ್ತು ವರ್ಷ. ದಿನಾ ಬೆಳಿಗ್ಗೆ, "ಪೆಟ್ಟಿಗೆ ತೆಗಿಯೇ, ಜೋಡು ಮುಟ್ಟಿ ನೋಡ್ತೀನಿ" ಎನ್ನುತ್ತಾಳೆ. ಬೀಗಕ್ಕೆ ತುಕ್ಕು ಹಿಡಿದಿದೆ ಎಂದೆ. ಬೀಗದ ಕೈ ಮುರಿಯಿತು ಎಂದೆ. ಧೂಳುಗಾಳಿ ಎದ್ದಿದೆ, ಈಗ ತೆಗೆದರೆ ಮಣಿಯೊಳಗೆ ಮಣ್ಣು ಕೂರುತ್ತದೆ ಎಂದೆ.

ನಿನ್ನೆ ಚಿಕ್ಕಮ್ಮ ಮಾಬೆಲ್ ಬಂದಿದ್ದಳು, ಅವ್ವನ ತಂಗಿ. ಅವಳ ನಾಲಗೆಗೆ ನಮ್ಮ ಕಡೆಯ ಗಂಡಸರೇ ಹೆದರುತ್ತಾರೆ.

"ಬೀಗ ತೆಗೆಯೋಕೆ ಎಷ್ಟು ತಿಂಗಳು ಬೇಕೇ ನಿಂಗೆ?" ಎಂದಳು. "ಕೊಡ್ಲಿ ತತ್ತಾ, ನಾನೇ ತೆಗೀತೀನಿ."

"ಹಳೇ ಪೆಟ್ಟಿಗೆ ಚಿಕ್ಕಮ್ಮಾ, ಒಡೆದುಹೋಗುತ್ತೆ."

"ನಿಮ್ಮವ್ವನೂ ಹಳಬಳೇ. ಯಾವ್ದು ಮೊದ್ಲು ಒಡೀತದೆ ಅಂತ ಕಾಯ್ಕೊಂಡಿದ್ದೀಯಾ?"

ಅವ್ವ ನಕ್ಕಳು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ನಮ್ಮ ಕೊಡಲಿಯನ್ನು ಸೌದೆಯ ಕೆಳಗೆ ಅಡಗಿಸಿಟ್ಟೆ.

ಚಿಕ್ಕಮ್ಮನಿಗೆ ಆ ಬಾಗು ಗೊತ್ತಿರಬಹುದು. ಆದರೆ ಕೇಳಿದರೆ ಪೆಟ್ಟಿಗೆ ಖಾಲಿಯೆಂದು ಹೇಳಿದಂತೆಯೇ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ಎಫೀ


೧೧ ಡಿಸೆಂಬರ್ ೧೯೩೬

ಮಾನ್ಯ ಶ್ರೀಮತಿ ತೊಸಾವಿಯವರಿಗೆ,

ಅಪೂರ್ಣವಾದ ನಮೂನೆಯನ್ನು ಹಿಂದಿರುಗಿಸಲಾಗಿದೆ.

ತಮ್ಮ ವರ್ಣನೆಗೆ ಹೊಂದುವ ಪಾದರಕ್ಷೆಗಳು ದೊರೆತಿವೆ. ಸೌಜನ್ಯದ ದೃಷ್ಟಿಯಿಂದ ಒಂದು ಮಾಹಿತಿ ನೀಡುತ್ತಿದ್ದೇನೆ: ಪ್ರತಿ ಪಾದದ ಮೇಲೆ ಹನ್ನೊಂದು ಚೌಕಗಳಿವೆ.

ವಸಂತದಲ್ಲಿ ನಮ್ಮ ಪ್ರಕಟಣೆಯ ಒಂದು ಸಂಚಿಕೆ ಮಣಿಕೆಲಸಕ್ಕೆ ಮೀಸಲಾಗಲಿದೆ. ಅರ್ಥ ತಿಳಿಯದ ವಿನ್ಯಾಸ ವಿದ್ವಾಂಸರಿಗೆ ನಿರುಪಯೋಗಿ. ಖಾಲಿ ಜಾಗದ ಅರ್ಥ ಹಾಗೂ ತಯಾರಕಿಯ ಹೆಸರು ತಲುಪಿದ ಕೂಡಲೇ ಉಳಿದ ವಿವರಗಳನ್ನು ಒದಗಿಸಲು ಸಂತೋಷಪಡುತ್ತೇನೆ. ಜ್ಞಾನ ಎರಡೂ ಕಡೆಯಿಂದ ಹರಿಯಬೇಕೆಂಬುದನ್ನು ತಾವು ಒಪ್ಪುವಿರಿ.

ಹಬ್ಬದ ಶುಭಾಶಯಗಳು.

ಲೊ. ಪ್ರೆಂಟಿಸ್


೨೦ ಡಿಸೆಂಬರ್ ೧೯೩೬

ಪ್ರೆಂಟಿಸ್ ಸಾಹೇಬರಿಗೆ,

ಹನ್ನೊಂದು. ಒಂಬತ್ತೆಂದು ನೆನೆದು ಒಂದು ಕಾಲಿನದು ಅರ್ಧ ಹೊಲಿದಿದ್ದೆ. ಎಲ್ಲ ಬಿಚ್ಚಿದೆ.

ಹೇಳುತ್ತೇನೆ. ಅವ್ವ ಮಲಗಿದ್ದಾಳೆ. ಪೆನ್ಸಿಲಿನ ಸದ್ದು ಕೇಳಿಸೀತೆಂದು ಹೊರಗೆ ಚಪ್ಪರದ ಕೆಳಗೆ ಕೂತಿದ್ದೇನೆ, ಬೆರಳು ಮರಗಟ್ಟಿವೆ.

ಸಿಪಾಯಿಗಳು ನಮ್ಮವರ ಬಿಡಾರದ ಮೇಲೆ ಬಿದ್ದು ಹೆಂಗಸರು ಮಕ್ಕಳನ್ನು ಹಿಡಿದು ತೆಂಕಣಕ್ಕೆ, ಟೆಕ್ಸಸ್ಸಿಗೆ ಒಯ್ದರು. ಅಜ್ಜಿಯ ಜೊತೆ ಎರಡು ಮಕ್ಕಳು. ಐದು ವರ್ಷದ ಹೆಣ್ಣು, ಅದು ನಮ್ಮವ್ವ. ಇನ್ನೂ ಮೊಲೆ ಬಿಡದ ಒಂದು ಗಂಡು. ಚಳಿಗಾಲ ಮುಗಿಯುವಾಗ ಅಜ್ಜಿ ಕಾವಲು ತಪ್ಪಿಸಿಕೊಂಡು ಮಕ್ಕಳೊಡನೆ ಬಡಗಣಕ್ಕೆ ನಡೆದಳು. ಒಂದೊಂದು ಚೌಕ ಒಂದೊಂದು ತಂಗುದಾಣ. ನೀಲಿ ಅವಳು ನಡೆದದ್ದು. ಒಂದು ಹೊಳೆಯ ಹತ್ತಿರ ಅವ್ವನ ಕಾಲು ಸೀಳಿ ನಡೆಯಲಾರದೆ ಹೋಯಿತು. ಇಬ್ಬರನ್ನೂ ಹೊತ್ತು ಹೊಳೆ ದಾಟುವಷ್ಟು ಕಸುವು ಅಜ್ಜಿಗೆ ಉಳಿದಿರಲಿಲ್ಲ. ಗಂಡನ್ನು ಹುಲ್ಲಿನ ಮೇಲೆ ಮಲಗಿಸಿದಳು. ಅವನು ಸತ್ತಿರಲಿಲ್ಲ ಸಾಹೇಬರೇ. ಎದ್ದು ಕೂತು ಕೈ ಚಾಚಿದ್ದನ್ನು ಅವ್ವ ಕಂಡಳಂತೆ. ಅಜ್ಜಿ ಅವ್ವನ ಮುಖವನ್ನು ಎದೆಗೆ ಒತ್ತಿಕೊಂಡು ನೀರಿಗಿಳಿದಳು. ಅದೇ ಖಾಲಿ ಜಾಗ. ಆಮೇಲೆ ಇಡೀ ಬಾಳಿನಲ್ಲಿ ಅಜ್ಜಿ ಅದನ್ನು ಬಾಯಲ್ಲಿ ಹೇಳಲಿಲ್ಲ, ಹೊಲಿದಳು. ಅವ್ವನ ಬೆರಳನ್ನು ಅದರ ಮೇಲೆ ಇಡಿಸಿದಳು. ಅವ್ವ ನನ್ನ ಬೆರಳನ್ನು ಇಡಿಸಿದಳು.

ಬಾಗುವುದು ಏನೆಂದು ನನಗೆ ಹೇಳಿಕೊಡುವ ಮೊದಲೇ ಜೋಡು ಹೋಯಿತು. ಕಳೆದದ್ದು ನಾನೇ. ಹದಿನೈದು ವರ್ಷ ನನಗಾಗ. ಶಾಲೆಯಿಂದ ಬಂದಿದ್ದೆ, ಅಂಗಡಿಯ ಕಿಟಕಿಯಲ್ಲಿ ಒಂದು ಕೆಂಪು ಕೋಟು ತೂಗುತ್ತಿತ್ತು. ಪೆಟ್ಟಿಗೆಯಿಂದ ಜೋಡನ್ನು ತೆಗೆದುಕೊಂಡು ಹೋಗಿ ಕೋಟು ತಂದೆ. ಶಾಲೆಯಲ್ಲಿ ಬಹುಮಾನ ಬಂತೆಂದೆ. ಅವ್ವ ಅದರ ತೋಳು ಸವರಿ, "ಎಷ್ಟು ಚೆನ್ನಾಗಿದೆಯಲ್ಲೇ" ಎಂದಳು. ಮಣ್ಣಿಗೆ ಹೋಗುವ ಜೋಡೆಂದು ಅವ್ವ ಆಮೇಲೆ ಪೆಟ್ಟಿಗೆ ತೆಗೆಸಲಿಲ್ಲ, ಕಾಯಿಲೆ ಬಿದ್ದ ಮೇಲೆಯೇ ಕೇಳಿದ್ದು. ಇದನ್ನು ಈ ತನಕ ಯಾರಿಗೂ ಹೇಳಿಲ್ಲ.

ಹೆಸರು ಬೇರೆ ಚೀಟಿಯಲ್ಲಿದೆ. ಬರೆಯುವಾಗ ಉಸಿರು ಹಿಡಿದಿದ್ದೆ. ಓದಿದ ಮೇಲೆ ಚೀಟಿ ಸುಟ್ಟುಬಿಡಿ. ಕಾಗದವನ್ನೂ ಸುಡಿ. ಅಚ್ಚು ಹಾಕಿಸಬೇಡಿ, ಕಾಲಿಗೆ ಬೀಳುತ್ತೇನೆ.

ಎಫೀ


೧೯ ಜನವರಿ ೧೯೩೭

ಮಾನ್ಯ ಶ್ರೀಮತಿ ತೊಸಾವಿಯವರಿಗೆ,

ತಮ್ಮ ಅಮೂಲ್ಯ ಪತ್ರಕ್ಕಾಗಿ ವಂದನೆಗಳು. ಇಂಥ ವಿವರ ನಮಗೆ ಅಪರೂಪ. ಸಹೋದ್ಯೋಗಿಗಳ ಎದುರು ಅದನ್ನು ಓದಿದಾಗ ಎಲ್ಲರೂ ಮೆಚ್ಚಿದರು.

ಕೇಳಿದ ವಿವರಗಳು: ಖಾಲಿ ಜಾಗ ಕಣಕಾಲಿನ ಕಡೆಯಿಂದ ಏಳು ಹಾಗೂ ಎಂಟನೆಯ ಚೌಕಗಳ ನಡುವೆ. ಎಡಗಾಲಿನ ಪಾದರಕ್ಷೆಯಲ್ಲಿ ಗೆರೆ ಎಡಕ್ಕೆ ಬಾಗುತ್ತದೆ. ಬಲಗಾಲಿನದರಲ್ಲಿ ಬಲಕ್ಕೆ.

ಕಡತಕ್ಕೆ ಸೇರಿದ ಪತ್ರಗಳನ್ನು ನಾಶಮಾಡುವ ಪದ್ಧತಿ ನಮ್ಮಲ್ಲಿಲ್ಲ. ಚೀಟಿಯನ್ನು ಆ ವಸ್ತುವಿನ ದಾಖಲೆಯ ಕಾರ್ಡಿಗೆ ಅಂಟಿಸಲಾಗಿದೆ.

ಲೊ. ಪ್ರೆಂಟಿಸ್


೧೭ ಫೆಬ್ರವರಿ ೧೯೩೭

ಸಾಹೇಬರೇ, ಇದನ್ನು ಓದಿದ ಕೂಡಲೇ ಎದ್ದು ಹೋಗಿ ಜೋಡನ್ನು ಇನ್ನೊಮ್ಮೆ ನೋಡಿ. ಯಾಕೆಂದು ಹೇಳುತ್ತೇನೆ.

ನಿಮ್ಮ ಕಾಗದ ಬಂದ ದಿನವೇ ಕೂತೆ. ಈಗಿನ ಅಂಗಡಿಯ ಮಣಿ ಒರಟು, ಅವ್ವನ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಹಳೆಯ ಸಣ್ಣ ಮಣಿ ಬೇಕು. ನಾನು ಹುಟ್ಟುವ ಮೊದಲು ಅವ್ವ ನನಗೆಂದು ಹೊಲಿದ ತೊಟ್ಟಿಲ ಪಟ್ಟಿ ಇತ್ತು. ಅದನ್ನು ಬಿಚ್ಚಿದೆ. ಹಳೆಯ ನರದ ದಾರ ಒದ್ದೆ ಮಾಡಿ, ಒಂದೊಂದಾಗಿ ಮಣಿ ಬಿಡಿಸಿ ಬಟ್ಟಲಿಗೆ ಹಾಕುವಾಗ ಸದ್ದಾಗದಿರಲೆಂದು ಬಟ್ಟಲಿನೊಳಗೆ ಕಂಬಳಿಯ ಚೂರು ಹಾಸಿದ್ದೆ. ಅವ್ವ ಒಮ್ಮೆ, "ಏನೇ ಮಾಡ್ತಿದ್ದೀಯ?" ಎಂದಳು. ಹುರುಳಿಕಾಯಿ ಬಿಡಿಸುತ್ತಿದ್ದೇನೆ ಎಂದೆ. "ಈ ಚಳಿಯಲ್ಲಿ ಎಲ್ಲಿಯ ಹುರುಳಿಕಾಯಿಯೇ" ಎಂದಳು, ಅಷ್ಟೇ.

ಇಪ್ಪತ್ತು ದಿನದಲ್ಲಿ ಮುಗಿಸಿದೆ. ಹಳದಿ ಬಳಿದೆ, ಹೊಗೆ ಕೊಟ್ಟೆ, ಹಿಮ್ಮಡಿಯ ಕುಚ್ಚನ್ನು ಮಣ್ಣಲ್ಲಿ ಉಜ್ಜಿ ಹಳತು ಮಾಡಿದೆ. ಅಜ್ಜಿ ಮಾಡಿದ್ದಕ್ಕಿಂತ ಚೆನ್ನಾಗಿದೆ ಅನಿಸಿತು. ಅನಿಸಿದ್ದಕ್ಕೆ ಹೆದರಿದೆ.

ಮೊನ್ನೆ ಭಾನುವಾರ ಚಿಕ್ಕಮ್ಮ ಕೊಡಲಿಯನ್ನೇ ತಂದಳು. ನಾನು, "ಬೀಗ ತೆಗೆದಿದ್ದೀನಿ, ತಗೋ ಅವ್ವಾ" ಎಂದು ಜೋಡನ್ನು ಅವ್ವನ ತೊಡೆಯ ಮೇಲಿಟ್ಟೆ. ಇಬ್ಬರು ನೆಂಟರ ಹೆಂಗಸರೂ ಒಣಮಾಂಸದ ಸಾರು ಕುಡಿಯುತ್ತ ಕೂತಿದ್ದರು.

ಅವ್ವನ ಮುಖ ಅರಳಿತು. ಅದನ್ನು ನಾನು ನೋಡಿದೆ, ಸಾಹೇಬರೇ, ಅಷ್ಟು ಹೊತ್ತು ನೋಡಿದೆ. ಹಿಮ್ಮಡಿಯನ್ನು ಹೊಟ್ಟೆಗೆ ಆನಿಸಿಕೊಂಡು ಎಡಗಾಲಿನದರ ಮೇಲೆ ಬೆರಳು ಇಟ್ಟಳು. ಒಂದು, ಎರಡು, ಮೂರು ಎಂದು ಚೌಕ ಎಣಿಸಿದಳು. ಏಳಕ್ಕೆ ನಿಂತಳು. ಖಾಲಿ ಜಾಗ ಸಿಕ್ಕಿತು. ಅಲ್ಲಿ ಬೆರಳು ಬಹಳ ಹೊತ್ತು ಇತ್ತು. ನನಗೆ ಗೆದ್ದೆ ಅನಿಸಿತು. ಆಮೇಲೆ ಮುಂದೆ ಹೋದಳು. ಬೆರಳು ತುದಿಗೆ ಬಂದು ಗೆರೆಯ ಜೊತೆ ಹೊರಗಡೆಗೆ ತಿರುಗಿತು.

"ಇದ್ಯಾರ ಕಾಲಿಂದು?" ಎಂದಳು.

"ನಿಂದೇ ಅವ್ವಾ. ಅಜ್ಜಿ ಹೊಲಿದದ್ದು."

"ನಮ್ಮವ್ವನ ಗೆರೆ ಒಳಗೆ ಬಾಗ್ತದೆ. ಕಾಲು ಜೋಡಿಸಿ ನಿಂತ್ರೆ ಎರಡೂ ಗೆರೆ ಸೇರ್ತವೆ. ಮನೆ ಮುಟ್ಟಿದಳು ಅಂತ. ಇದು ಹೊರಗೆ ಹೋಗ್ತಿದೆ." ಮತ್ತೆ ಮೊದಲಿನಿಂದ ಸವರಿದಳು. ಈ ಸಲ ಗೆರೆಯನ್ನಲ್ಲ, ಮಣಿಯನ್ನು. ಒಂದೊಂದನ್ನೂ ಉಗುರಿನಿಂದ ಕೆದಕಿದಳು. "ಈ ನೀಲಿ ನಾನು ಆರಿಸಿದ್ದು. ಇವು ನಿನ್ನ ತೊಟ್ಟಿಲಿನ ಮಣಿಗಳು."

ನೆಂಟರ ಹೆಂಗಸರು ಸಾರಿನ ಬಟ್ಟಲು ಕೆಳಗಿಟ್ಟರು.

"ಪೆಟ್ಟಿಗೇಲಿ ಏನೂ ಇಲ್ಲ ಅಲ್ವಾ?" ಎಂದಳು. "ಯಾವತ್ತಿಂದ?"

ನಾನು ಕೋಟಿನ ಮಾತು ಹೇಳಿದೆ. ಹೇಳದಿದ್ದರೂ ಆಗುತ್ತಿತ್ತೇನೋ, ಗೊತ್ತಿಲ್ಲ, ಬಾಯಿಗೆ ಬಂತು.

ಚಿಕ್ಕಮ್ಮ, "ಅದಕ್ಕೇ ಆ ಕೋಟು ಅಷ್ಟು ಬೆಚ್ಚಗಿತ್ತು" ಎಂದಳು. "ಒಳಗೆ ನಿಮ್ಮಜ್ಜಿ ಇದ್ದಳು."

ಒಬ್ಬ ನೆಂಟಳು ನಕ್ಕೇಬಿಟ್ಟಳು, ಆಮೇಲೆ ಬಾಯಿಗೆ ಶಾಲಿನ ಅಂಚು ಹಿಡಿದಳು.

ಅವ್ವ ಅಳಲಿಲ್ಲ. ಜೋಡನ್ನು ನನ್ನ ಕಡೆ ನೂಕಿ, ನಾನಿರುವ ಕಡೆಗೆ ಸರಿಯಾಗಿ ಮುಖ ಮಾಡಿ, "ಇಬ್ಬರಲ್ಲಿ ಒಬ್ಬರನ್ನ ಎತ್ಕೋಬೇಕಿತ್ತು ನಮ್ಮವ್ವ" ಎಂದಳು. "ನನ್ನನ್ನ ಎತ್ಕೊಂಡಿದ್ದು ನಿನ್ನನ್ನ ಹೆರೋದಕ್ಕಾ?"

ಅಂದಿನಿಂದ ನನ್ನೊಡನೆ ಮಾತಿಲ್ಲ. ಉಣಿಸಿದರೆ ಬಾಯಿ ತೆರೆಯುತ್ತಾಳೆ, ಯಾರ ಕೈ ಎಂದು ತಿಳಿದ ಮೇಲೆ ಮುಚ್ಚುತ್ತಾಳೆ.

ಸಾಹೇಬರೇ, ಎಲ್ಲಿ ಎಡವಟ್ಟಾಯಿತೆಂದು ಯೋಚಿಸಿ ಯೋಚಿಸಿ ನನಗೊಂದು ಹೊಳೆದಿದೆ. ನಾವು ಜೋಡನ್ನು ಹೊಲಿಯುವುದೂ ನೋಡುವುದೂ ಹಾಕಿಕೊಂಡವಳ ಕಣ್ಣಿನಿಂದ. ಹಿಮ್ಮಡಿ ನಮ್ಮ ಕಡೆ, ಬೆರಳು ಆಚೆ. ಮಣಿಯ ಕಥೆ ನಡೆಯುವವಳಿಗೆ, ಎದುರಿಗೆ ನಿಂತವರಿಗಲ್ಲ. ನೀವು ಬೆರಳಿನ ತುದಿಯನ್ನು ನಿಮ್ಮ ಕಡೆ ಇಟ್ಟುಕೊಂಡು ನೋಡಿದಿರೇನೋ. ಹಾಗಿದ್ದರೆ ನಿಮ್ಮ ಎಡ ನಮ್ಮ ಬಲ. ತಿರುಗಿಸಿ ನೋಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೆರೆಗಳು ಕೂಡುತ್ತವೆಯೇ? ಹೌದು ಎಂದು ಒಂದು ಸಾಲು ಬರೆದು ಕಳಿಸಿ. ಅವ್ವ ಹೇಳಿದ ಹಾಗೆಯೇ ಬಿಚ್ಚಿ ಹೊಲಿಯಲು ಕೂರುತ್ತೇನೆ. ಆದರೆ ಅವ್ವನಿಗೂ ವಯಸ್ಸಾಗಿದೆ. ಜೋಡನ್ನು ಮುಟ್ಟಿಯೂ ಇಪ್ಪತ್ತೈದು ವರ್ಷ ಕಳೆದಿದೆ. ಅವಳದೇ ತಪ್ಪಿದ್ದು, ನಾನು ಸರಿಯಾದದ್ದನ್ನು ಬಿಚ್ಚಿಬಿಟ್ಟರೆ?

ಎಫೀ


೯ ಮಾರ್ಚ್ ೧೯೩೭

ಮಾನ್ಯ ಶ್ರೀಮತಿ ತೊಸಾವಿಯವರಿಗೆ,

ತಾವು ಕೇಳಿದ ಪಾದರಕ್ಷೆಗಳನ್ನು ಇತರ ವಸ್ತುಗಳೊಡನೆ ಸಂಚಾರಿ ಪ್ರದರ್ಶನಕ್ಕಾಗಿ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕಳಿಸಲಾಗಿದೆ. ಹದಿನಾಲ್ಕು ತಿಂಗಳ ಮೊದಲು ತೆರೆಯಲು ಬರುವುದಿಲ್ಲ.

ನಮ್ಮ ವಿವರಣೆಯನ್ನು ಅನುಭವಿ ಸಿಬ್ಬಂದಿ ಬರೆದಿದ್ದಾರೆ. ವಯಸ್ಸಾದ, ದೃಷ್ಟಿಹೀನ ಮಾಹಿತಿದಾರರ ನೆನಪು ಹಲವು ಬಾರಿ ಮೋಸಗೊಳಿಸುತ್ತದೆ ಎಂಬುದು ನಮ್ಮ ಅನುಭವ. ವಸ್ತುವನ್ನು ಯಾವ ಕಡೆಯಿಂದ ನೋಡಲಾಯಿತು ಎಂಬುದು ದಾಖಲೆಯಲ್ಲಿಲ್ಲ.

ಪ್ರಕಟಣೆಯ ಒಂದು ಪ್ರತಿಯನ್ನು ಲಗತ್ತಿಸಿದೆ. ಹನ್ನೆರಡನೆಯ ಪುಟದಲ್ಲಿ ತಮ್ಮ ಅಜ್ಜಿಯವರ ಹೆಸರು ಮತ್ತು ವೃತ್ತಾಂತವನ್ನು ಕಾಣಬಹುದು. ಆ ಪ್ರದೇಶದ ಮಿಷನ್ನುಗಳಿಗೂ ಪ್ರತಿಗಳನ್ನು ಕಳಿಸಲಾಗಿದೆ.

ತಾವು ತಯಾರಿಸಿದ ಜೋಡಿಯನ್ನು ತಾಯಿಯವರು ಬಳಸುವುದಿಲ್ಲವಾದರೆ ಸಂಗ್ರಹಾಲಯ ಅದನ್ನು ಪಡೆಯಲು ಇಚ್ಛಿಸುತ್ತದೆ. ಪರಂಪರೆ ಕ್ಷೀಣಿಸುವಾಗ ವಿನ್ಯಾಸ ಹೇಗೆ ಕೆಡುತ್ತದೆ ಎಂಬುದಕ್ಕೆ ಅದು ಒಳ್ಳೆಯ ಮಾದರಿಯಾದೀತು.

ಲೊ. ಪ್ರೆಂಟಿಸ್


೧೧ ಏಪ್ರಿಲ್ ೧೯೩೭

ಪ್ರೆಂಟಿಸ್ ಸಾಹೇಬರಿಗೆ,

ನಮ್ಮವ್ವ ಮಾರ್ಚ್ ಮೂವತ್ತಕ್ಕೆ ಹೋದಳು.

ನಿಮ್ಮ ಕಾಗದ ಬರುವ ತನಕ ನಾನು ಏನನ್ನೂ ಬಿಚ್ಚಿರಲಿಲ್ಲ. ದಿನಾ ಅಂಚೆ ಗಾಡಿ ನೋಡುತ್ತ ಕೂತೆ. ಆಗಲೇ ಬಿಚ್ಚಿದ್ದರೆ ಎರಡೂ ಮುಗಿಯುತ್ತಿತ್ತು. ಈಗ ಅದನ್ನೇ ಎಣಿಸುತ್ತೇನೆ, ಎಷ್ಟು ದಿನ, ದಿನಕ್ಕೆ ಎಷ್ಟು ಸಾಲು. ಕಾಗದ ಬಂದ ಮೇಲೆ, ಅವ್ವ ಹೇಳಿದ್ದೇ ಸರಿ ಎಂದು ಮನಸ್ಸು ಗಟ್ಟಿಮಾಡಿ ಎಡಗಾಲಿನದನ್ನು ಬಿಚ್ಚಿದೆ. ಗೆರೆಯನ್ನು ಒಳಕ್ಕೆ ಬಾಗಿಸಿ ಹೊಲಿದೆ. ಬೆರಳಿಗೆ ಸೂಜಿ ಹೊಕ್ಕು ಕೀವು ಕಟ್ಟಿತ್ತು, ಬೇಗ ಬೇಗ ಆಗಲಿಲ್ಲ. ಎಡಗಾಲಿನದು ಮುಗಿದ ದಿನ ಅದನ್ನು ಅವ್ವನ ಕೈಯ ಕೆಳಗೆ ಇಟ್ಟೆ. ಅವಳು ಕೈ ತೆಗೆದು ಕಂಬಳಿಯೊಳಗೆ ಹಾಕಿಕೊಂಡಳು. ಮುಟ್ಟಿದ್ದರೆ ಸರಿಯೋ ತಪ್ಪೋ ತಿಳಿಯುತ್ತಿತ್ತು. ಮುಟ್ಟಲಿಲ್ಲ. ಎರಡು ದಿನಕ್ಕೆ ಹೋದಳು. ಬಲಗಾಲಿನದು ಹಾಗೇ ಉಳಿಯಿತು, ನೀವು ಹೇಳಿದಂತೆ ಹೊರಗೆ ಬಾಗಿದ್ದು.

ನಿಮ್ಮ ಪುಸ್ತಕ ನಮ್ಮ ಮನೆಗೆ ಬಂದದ್ದಕ್ಕಿಂತ ಮೊದಲೇ ಮಿಷನ್ನಿಗೆ ಬಂದಿತ್ತು. ಪಾದ್ರಿಗಳು ಒಳ್ಳೆಯ ಮನಸ್ಸಿನಿಂದಲೇ, ಊರಿಗೆ ಹೆಮ್ಮೆಯ ಸಂಗತಿ ಎಂದುಕೊಂಡು, ಅವ್ವನ ಹೆಣವನ್ನು ಮಲಗಿಸಿದ್ದ ಕೋಣೆಯಲ್ಲೇ ಹನ್ನೆರಡನೆಯ ಪುಟವನ್ನು ಗಟ್ಟಿಯಾಗಿ ಓದಿದರು. ಅಜ್ಜಿಯ ಹೆಸರನ್ನು ಮೂರು ಸಲ ಓದಿದರು. ಹೊಳೆಯ ದಂಡೆಯ ಮಗುವನ್ನು ಓದಿದರು. ಮುದುಕಿಯರು ಕಿವಿ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಪಾದ್ರಿಗಳು ಅದನ್ನು ದುಃಖ ಎಂದುಕೊಂಡರು.

ಚಿಕ್ಕಮ್ಮ ನನ್ನನ್ನು ಹೊಡೆಯಲಿಲ್ಲ. ಹೊಡೆಯುತ್ತಾಳೆಂದು ನಾನು ಬೆನ್ನು ಕೊಟ್ಟು ನಿಂತೇ ಇದ್ದೆ. ಅವಳು ತನ್ನ ಕೂದಲನ್ನು ಕಿವಿಯ ಕೆಳಗೆ ಕತ್ತರಿಸಿಕೊಂಡಳು. ನಾನು ಕತ್ತರಿಗೆ ಕೈ ಚಾಚಿದೆ. ನಮ್ಮಲ್ಲಿ ತಾಯಿ ಹೋದರೆ ಮಗಳು ಕೂದಲು ಕೊಯ್ದುಕೊಳ್ಳಬೇಕು.

"ನಿನ್ನದು ಇರ್ಲಿ" ಎಂದು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅವಳಿಗೆ ಮಗಳು ಇರಲಿಲ್ಲ ಅಂತ ಜನಕ್ಕೆ ಕಾಣ್ಲಿ."

ಈಗ ನಾನು ಎಲ್ಲಿ ಹೋದರೂ ನನ್ನ ಎರಡು ಜಡೆಗಳನ್ನು ಜನ ನೋಡುತ್ತಾರೆ. ನಾನೇ ಕೊಯ್ದುಕೊಳ್ಳಬಹುದಿತ್ತು. ಧೈರ್ಯ ಬರಲಿಲ್ಲ.

ಅವ್ವನನ್ನು ಶವಪೆಟ್ಟಿಗೆಯಲ್ಲಿ ಇಡುವಾಗ ಜೋಡಿನ ಮಾತು ಬಂತು. ನಾನು ಹೇಳಿದೆ, "ಬೇಡ ಚಿಕ್ಕಮ್ಮಾ. ಒಂದು ಒಳಗೆ ಬಾಗಿದೆ, ಒಂದು ಹೊರಗೆ. ಹಾಕೋದು ಬೇಡ. ನನ್ನ ಚಪ್ಪಲೀನೇ ಹಾಕಿ."

"ಅಂಗಡಿ ಚಪ್ಪಲೀನಾ?" ಎಂದಳು. "ಹೊಲಿದಿದ್ದೀಯಲ್ಲ, ಹಾಕ್ಲಿ ಬಿಡು." ತಾನೇ ಕೂತು ಹಾಕಿದಳು. ಊದಿದ ಕಾಲು, ಒತ್ತಿ ಒತ್ತಿ ಹಾಕಬೇಕಾಯಿತು. ಹಾಕಿ, ಎದ್ದು, ತಲೆಯ ಕಡೆಗೆ ಬಂದು ನಿಂತು ನೋಡಿದಳು. ಅವ್ವನ ಕಣ್ಣಿಗೆ ಹೇಗೆ ಕಾಣಬೇಕೋ ಹಾಗೆ. ಎಡಗಾಲಿನ ಗೆರೆ ಬಲಕ್ಕೆ. ಬಲಗಾಲಿನ ಗೆರೆಯೂ ಬಲಕ್ಕೆ. ಕೂಡಲೂ ಇಲ್ಲ, ಅಗಲಲೂ ಇಲ್ಲ, ಎರಡೂ ಒಂದೇ ಕಡೆ ಹೊರಟಿದ್ದವು. ನಾವು ಕಾಲನ್ನು ಮೂಡಣಕ್ಕೆ ಮಾಡಿ ಮಲಗಿಸುತ್ತೇವೆ. ಬಲಕ್ಕೆ ಎಂದರೆ ತೆಂಕಣ.

"ಎರಡೂ ಟೆಕ್ಸಸ್ ಕಡೆಗೆ" ಎಂದಳು ಚಿಕ್ಕಮ್ಮ. "ಒಳ್ಳೇದೇ ಆಯ್ತು. ಹೊಳೆ ಹತ್ರ ಬಿಟ್ಟುಬಂದ ತಮ್ಮನ್ನ ಹುಡುಕ್ಕೊಂಡು ಹೋಗ್ಲಿ. ಎಪ್ಪತ್ತು ವರ್ಷದ ಮುದುಕಿ, ಮತ್ತೆ ಮೊದ್ಲಿಂದ ನಡೀಲಿ."

ಹೇಳುವಾಗ ಅವಳೇ ಅಳುತ್ತಿದ್ದಳು. ಮೊಳೆ ಹೊಡೆದರು.

ಸಾಹೇಬರೇ, ನಾನು ಹೊಲಿದ ಜೋಡನ್ನು ಕೇಳಿದ್ದಿರಿ. ಅದು ಮಣ್ಣಿನಲ್ಲಿದೆ, ಕಳಿಸಲಾಗುವುದಿಲ್ಲ. ನಿಮ್ಮ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಮುದ್ರೆ ಹಾಕಿದ ಪೆಟ್ಟಿಗೆ ತೆರೆಯುವ ತನಕ ಕಾಯುತ್ತೇನೆ. ಹದಿನಾಲ್ಕು ತಿಂಗಳಾಗಲಿ, ಇನ್ನೂ ಹೆಚ್ಚಾಗಲಿ. ವಿಳಾಸ ಬದಲಾದರೆ ತಿಳಿಸುತ್ತೇನೆ, ಚಿಕ್ಕಮ್ಮ ಈ ಮನೆ ಬಿಡು ಎನ್ನುತ್ತಿದ್ದಾಳೆ.

ಅವ್ವ ಹೇಳಿದ್ದು ನಿಜವಾದರೆ ಅವಳ ಎಡಗಾಲು ಸರಿಯಾಗಿದೆ. ನೀವು ಬರೆದದ್ದು ನಿಜವಾದರೆ ಬಲಗಾಲು ಸರಿ, ಎಡಗಾಲನ್ನು ಕೆಡಿಸಿದವಳು ನಾನು. ಆಗ ಅವ್ವ ನನಗೆ ಕೊನೆಗೆ ಹೇಳಿದ ಮಾತು ಅವಳ ನೆನಪಿನ ತಪ್ಪಿನಿಂದ ಬಂದದ್ದು. ಎರಡರಲ್ಲಿ ಯಾವುದನ್ನು ಹೊತ್ತುಕೊಂಡು ಇರಬೇಕೆಂದು ನನಗೆ ಗೊತ್ತಾಗಬೇಕು. ದಿನಕ್ಕೆ ನೂರು ಸಲ ನನ್ನ ಕಾಲನ್ನೇ ನೋಡಿಕೊಳ್ಳುತ್ತೇನೆ, ಒಮ್ಮೆ ಹೀಗೆ ಅನಿಸುತ್ತದೆ, ಒಮ್ಮೆ ಹಾಗೆ.

ಆದ್ದರಿಂದ ಪೆಟ್ಟಿಗೆ ಬಂದ ದಿನ, ಬೇರೆಯವರಿಗೆ ಹೇಳದೆ, ನೀವೇ ಎಡಗಾಲಿನದನ್ನು ಕೈಗೆ ತೆಗೆದುಕೊಳ್ಳಿ. ಹಿಮ್ಮಡಿಯನ್ನು ನಿಮ್ಮ ಹೊಟ್ಟೆಗೆ ಆನಿಸಿ ಹಿಡಿಯಿರಿ. ತುದಿಯಲ್ಲಿ ನೀಲಿ ಗೆರೆ ಒಳಗೆ ಬಾಗಿದೆಯೋ ಹೊರಗೋ, ಅದೊಂದನ್ನು ಇನ್ನೊಮ್ಮೆ ನೋಡಿ ತಿಳಿಸಿ.

ಎಫೀ ತೊಸಾವಿ